ಗಮನ ಎಲ್ಲಿದೆ? ಎಳೆಯ ಕ್ರೀಡಾಪಟುವಿಗೆ ತಕ್ಕ ಮಾನಸಿಕ ತರಬೇತಿಯ ಆಯ್ಕೆ

"ಅಭ್ಯಾಸದಲ್ಲಿ ಎಲ್ಲವೂ ಸರಿಯಾಗಿರುತ್ತದೆ, ಪಂದ್ಯ ಶುರುವಾದರೆ ಮಗಳ ಗಮನ ನಿಲ್ಲುವುದಿಲ್ಲ. ಧ್ಯಾನ ಕಲಿಸಬೇಕೋ, ಕ್ರೀಡಾ ಮನಶ್ಶಾಸ್ತ್ರಜ್ಞರ ಬಳಿ ಕರೆದೊಯ್ಯಬೇಕೋ, ಏಕಾಗ್ರತೆ ಹೆಚ್ಚಿಸುತ್ತೇವೆ ಎನ್ನುವ ಆಪ್ ಹಾಕಿಸಬೇಕೋ?" 10ರಿಂದ 18 ವರ್ಷದ ಮಕ್ಕಳಿಗೆ ಬ್ಯಾಡ್ಮಿಂಟನ್ ಕಲಿಸುತ್ತ ಬಂದಿರುವ ನನಗೆ ಹೆತ್ತವರು ಕೇಳುವ ಪ್ರಶ್ನೆಗಳಲ್ಲಿ ಇದೇ ಮೊದಲನೆಯದು. ಈಜು, ಓಟ, ಶೂಟಿಂಗ್ ಕಲಿಸುವ ಗೆಳೆಯರಿಗೂ ಇದೇ ಪ್ರಶ್ನೆ ಎದುರಾಗುತ್ತದೆ. ಒಂದೇ ಉತ್ತರ ಎಲ್ಲ ಮಕ್ಕಳಿಗೂ ಒಪ್ಪುವುದಿಲ್ಲ. ಆದರೆ ನಿಮ್ಮ ಮಗುವಿಗೆ ಯಾವುದು ಒಪ್ಪೀತು ಎಂದು ಕಂಡುಕೊಳ್ಳಲು ದಾರಿಯಿದೆ.

ಮಗು ತಪ್ಪು ಮಾಡಿದಾಗ ನಾವು ದೊಡ್ಡವರು "ಗಮನ ಎಲ್ಲಿದೆ?" ಎಂದು ಗದರುತ್ತೇವೆ. ಉತ್ತರ ಬೇಕೆಂದು ಕೇಳುವ ಪ್ರಶ್ನೆಯಲ್ಲ ಅದು. ಉತ್ತರ ಬೇಕೆಂದೇ, ಪಂದ್ಯ ಮುಗಿದು ಬೆವರು ಆರಿದ ಮೇಲೆ ಪಕ್ಕದಲ್ಲಿ ಕೂತು ಕೇಳಿ ನೋಡಿ. ಮಕ್ಕಳು ಬೆರಗಾಗುವಷ್ಟು ಸ್ಪಷ್ಟವಾಗಿ ಹೇಳುತ್ತಾರೆ: ಹಿಂದಿನ ಅಂಕದಲ್ಲಿತ್ತು, ಅಪ್ಪನ ಮುಖದ ಮೇಲಿತ್ತು, ಸೋತರೆ ಏನಾಗುತ್ತದೆ ಎಂಬಲ್ಲಿತ್ತು, ನನ್ನ ಮಣಿಕಟ್ಟು ಸರಿಯಾಗಿ ತಿರುಗುತ್ತಿದೆಯೇ ಎಂಬಲ್ಲಿತ್ತು. ಗಮನ ಎಂದೂ ಕಳೆದುಹೋಗಿರುವುದಿಲ್ಲ, ಬೇರೆಲ್ಲೋ ನೆಲೆಯೂರಿರುತ್ತದೆ.

2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ 50 ಮೀಟರ್ ರೈಫಲ್ ತ್ರೀ ಪೊಸಿಷನ್ ಫೈನಲ್ ನಡೆಯುತ್ತಿತ್ತು. ಅಮೆರಿಕದ ಮ್ಯಾಥ್ಯೂ ಎಮನ್ಸ್ ಕೊನೆಯ ಗುಂಡಿಗೆ ಬರುವಾಗ 3 ಅಂಕ ಮುಂದಿದ್ದರು. ಸಾಧಾರಣವಾದ ಒಂದು ಗುಂಡು ಸಾಕಿತ್ತು. ಅವರು ಹೊಡೆದದ್ದು ಪಕ್ಕದ ಸ್ಪರ್ಧಿಯ ಗುರಿಗೆ. ಸೊನ್ನೆ ಅಂಕ ಸಿಕ್ಕಿ ಎಂಟನೇ ಸ್ಥಾನಕ್ಕೆ ಇಳಿದರು. ಗುರಿಯ ಸಂಖ್ಯೆಯನ್ನು ಮೊದಲು ನೋಡಿ ಆಮೇಲೆ ಕಣ್ಣು ಕೆಳಗಿಳಿಸುವುದು ಅವರ ರೂಢಿ. ಆ ಸಲ ತಮ್ಮನ್ನು ಶಾಂತಗೊಳಿಸಿಕೊಳ್ಳುವುದರಲ್ಲೇ ಮನಸ್ಸಿಟ್ಟಿದ್ದರಿಂದ ಸಂಖ್ಯೆ ನೋಡುವುದೇ ಬಿಟ್ಟುಹೋಯಿತೆಂದು ಅವರೇ ಹೇಳಿದ್ದಾರೆ. ಹೊರಗೆ ನೋಡಬೇಕಾದ ಕ್ಷಣದಲ್ಲಿ ಗಮನ ಒಳಗಿತ್ತು. ಇನ್ನಷ್ಟು ಏಕಾಗ್ರತೆ ಇದ್ದಿದ್ದರೆ ಇನ್ನಷ್ಟು ಆಳವಾಗಿ ಒಳಗೇ ಇರುತ್ತಿತ್ತು. "ಏಕಾಗ್ರತೆ ಹೆಚ್ಚಿಸುವ" ತರಬೇತಿ ಎಂದು ಯಾರಾದರೂ ಹೇಳಿದಾಗಲೆಲ್ಲ ನನಗೆ ಈ ಪ್ರಸಂಗ ನೆನಪಾಗುತ್ತದೆ.

ತೂಗುವ ಮೊದಲು ಅಳತೆಗೋಲು

ಎಲ್ಲಕ್ಕಿಂತ ಭಾರವಾದ ಅಳತೆಗೋಲು ಯಾವುದೆಂದರೆ, ಗಮನ ಯಾವ ಕ್ಷಣದಲ್ಲಿ ಜಾರುತ್ತದೆ ಮತ್ತು ಜಾರಿ ಎಲ್ಲಿಗೆ ಹೋಗುತ್ತದೆ ಎಂಬುದು. ಹಿಂದಿನ ರಾತ್ರಿಯೇ ನಿದ್ರೆ ಕೆಡುವ ಮಗು ಬೇರೆ, ಪಂದ್ಯಕ್ಕೆ ಹತ್ತು ನಿಮಿಷ ಮೊದಲು ಕೈಕಾಲು ತಣ್ಣಗಾಗುವ ಮಗು ಬೇರೆ, ಒಂದು ತಪ್ಪಿನ ಬಳಿಕ ಐದು ಅಂಕ ಸಾಲಾಗಿ ಬಿಟ್ಟುಕೊಡುವ ಮಗು ಬೇರೆ. ಗೆಲುವು ಎರಡೇ ಅಂಕ ದೂರವಿದ್ದಾಗ ತನ್ನ ಕೈಯನ್ನೇ ನೋಡಿಕೊಳ್ಳಲು ಶುರುಮಾಡುವ ಮಗು ಇನ್ನೂ ಬೇರೆ. ಅಮೆರಿಕದ ಮನಶ್ಶಾಸ್ತ್ರಜ್ಞ ರಾಬರ್ಟ್ ನೈಡೆಫರ್ 1976ರಲ್ಲಿ ಗಮನವನ್ನು ಎರಡು ಅಕ್ಷಗಳ ಮೇಲೆ ಇಟ್ಟು ನೋಡಿದರು: ಅಗಲವೋ ಕಿರಿದೋ, ಹೊರಗೋ ಒಳಗೋ. ಪಾಸ್ ಕೊಡಲು ಇಡೀ ಮೈದಾನ ನೋಡುವ ಫುಟ್‌ಬಾಲ್ ಆಟಗಾರನದು ಅಗಲ ಮತ್ತು ಹೊರಗೆ. ಗುರಿಯ ನಡುಬಿಂದುವನ್ನು ನೋಡುವ ಬಿಲ್ಲುಗಾರ್ತಿಯದು ಕಿರಿದು ಮತ್ತು ಹೊರಗೆ. ಮುಂದಿನ ತಂತ್ರ ಯೋಚಿಸುವುದು ಅಗಲ ಮತ್ತು ಒಳಗೆ. ಉಸಿರು ಗಮನಿಸುವುದು ಕಿರಿದು ಮತ್ತು ಒಳಗೆ. ಆಟ ಎಂದರೆ ಈ ನಾಲ್ಕರ ನಡುವೆ ಹೊತ್ತಿಗೆ ಸರಿಯಾಗಿ ಸರಿದಾಡುವುದು. ಯಾವ ಸರಿದಾಟದಲ್ಲಿ ಮಗು ಎಡವುತ್ತಿದೆ ಎಂದು ಕಂಡುಕೊಳ್ಳುವ ಮೊದಲು ಯಾವ ತರಬೇತಿಗೂ ಹಣ ಕೊಡಬೇಡಿ.

ಇದಕ್ಕೆ ಎರಡು ವಾರ, ಒಂದು ಪೆನ್ಸಿಲ್, ಒಂದು ಪುಟ್ಟ ಪುಸ್ತಕ ಸಾಕು. ಅಂಕ ಬರೆಯಬೇಡಿ. ಪ್ರತಿ ತಪ್ಪಿನ ನಂತರ ಮಗುವಿನ ಕಣ್ಣು ಎಲ್ಲಿಗೆ ಹೋಯಿತು ಎಂದಷ್ಟೇ ಬರೆಯಿರಿ: ನೆಲಕ್ಕೋ, ಅಂಕಫಲಕಕ್ಕೋ, ಎದುರಾಳಿಗೋ, ನಿಮ್ಮ ಕಡೆಗೋ.

ಎರಡನೆಯದು ಆಟದ ಬಗೆ. ಶೂಟಿಂಗ್, ಬಿಲ್ಲುಗಾರಿಕೆ, ಸರ್ವ್, ಫ್ರೀ ಥ್ರೋ, ಪೆನಾಲ್ಟಿ ಕಿಕ್ ಇವೆಲ್ಲ ಆಟಗಾರ ತಾನೇ ಶುರುಮಾಡುವ ಕೆಲಸಗಳು. ಯೋಚಿಸಲು ಹೊತ್ತಿರುತ್ತದೆ, ಆ ಹೊತ್ತೇ ಶತ್ರುವೂ ಆಗುತ್ತದೆ. ರ‍್ಯಾಲಿ, ಕುಸ್ತಿ, ಹಾಕಿಯಲ್ಲಿ ಎದುರಿನವರೇ ಗಡಿಯಾರ. ದೂರದ ಓಟ, ಈಜುಗಳಲ್ಲಿ ಗಮನ ನಿಮಿಷಗಟ್ಟಲೆ, ಗಂಟೆಗಟ್ಟಲೆ ಬಾಳಬೇಕು.

ಮೂರನೆಯದು ವಯಸ್ಸು. ಗಮನವನ್ನು ಬೇಕೆಂದಾಗ ಬದಲಿಸುವ, ಹುಮ್ಮಸ್ಸನ್ನು ತಡೆಹಿಡಿಯುವ ಕೆಲಸಕ್ಕೆ ನೆರವಾಗುವ ಮಿದುಳಿನ ಮುಂಭಾಗ ಇಪ್ಪತ್ತರ ಹರೆಯದಲ್ಲೂ ಬೆಳೆಯುತ್ತಲೇ ಇರುತ್ತದೆ. ಹತ್ತು ವರ್ಷದ ಮಗುವಿನಿಂದ ಅರ್ಧ ಗಂಟೆಯ ನಿಶ್ಚಲತೆಯನ್ನು ಕೇಳುವುದು ಅನ್ಯಾಯ. ಇವುಗಳ ಜೊತೆಗೆ ಹಣ, ಸಮಯ, ಕಲಿಸುವವರು ಯಾರು, ಕಲಿತದ್ದು ಕಣಕ್ಕೆ ಇಳಿಯುತ್ತದೆಯೇ, ಎಡವಟ್ಟಾದರೆ ಏನು ಹಾನಿ ಎಂಬುವನ್ನೂ ಪ್ರತಿ ಆಯ್ಕೆಯ ಮುಂದೆ ಇಟ್ಟು ನೋಡೋಣ.

ಖರ್ಚಿಲ್ಲದ ಆಯ್ಕೆ: ಸುತ್ತಲಿನವರು ಬದಲಾಗುವುದು

ಇದನ್ನು ಆಯ್ಕೆಯೆಂದು ಯಾರೂ ಎಣಿಸುವುದಿಲ್ಲ, ಆದ್ದರಿಂದಲೇ ಮೊದಲಿಗೆ ಇಡುತ್ತೇನೆ. ನನ್ನ ಪುಸ್ತಕದಲ್ಲಿ ಅತಿ ಹೆಚ್ಚು ಸಲ ಬರೆದಿರುವ ಮಾತು "ನಮ್ಮ ಕಡೆಗೆ ನೋಡಿದಳು" ಎಂಬುದು. ವರ್ಷಗಳ ಕಾಲ ನಾನೂ ಅಂಗಣದ ಅಂಚಿನಲ್ಲಿ ಕೂತು ಪ್ರತಿ ಅಂಕದ ನಡುವೆ ಏನಾದರೊಂದು ಹೇಳುತ್ತಿದ್ದೆ. ಹದಿಮೂರು ವರ್ಷದ ಹುಡುಗಿಯೊಬ್ಬಳು ಒಂದು ದಿನ, "ಸರ್, ನೀವು ಹೇಳಿದ್ದನ್ನು ಯೋಚಿಸುವಷ್ಟರಲ್ಲಿ ಷಟಲ್ ಬಂದಿರುತ್ತದೆ" ಎಂದಳು. ಅವಳ ಗಮನವನ್ನು ಕದಿಯುತ್ತಿದ್ದವನು ನಾನೇ. ಅಂದಿನಿಂದ ರ‍್ಯಾಲಿಗಳ ನಡುವೆ ಬಾಯಿ ಬಿಡುವುದನ್ನು ಬಿಟ್ಟೆ.

ಇದಕ್ಕೆ ಪುರಾವೆಯೂ ಗಟ್ಟಿಯಾಗಿದೆ. ಅಮೆರಿಕದ ಸಂಶೋಧಕರಾದ ಬಾರ್ನೆಟ್, ಸ್ಮಾಲ್ ಮತ್ತು ಸ್ಮಿತ್ ಮಕ್ಕಳ ಬೇಸ್‌ಬಾಲ್ ಕೋಚ್‌ಗಳಿಗೆ, ತಪ್ಪಿಗೆ ಗದರದೆ ಪ್ರಯತ್ನವನ್ನು ಗುರುತಿಸಿ ಹೇಳುವುದು ಹೇಗೆಂದು ತರಬೇತಿ ಕೊಟ್ಟರು. 1992ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ, ತರಬೇತಿ ಪಡೆದ ಕೋಚ್‌ಗಳ ಕೈಕೆಳಗಿನ ಮಕ್ಕಳಲ್ಲಿ ಮರುವರ್ಷ ಆಟ ಬಿಟ್ಟವರು 5 ಪ್ರತಿಶತ. ಉಳಿದ ಕೋಚ್‌ಗಳ ಮಕ್ಕಳಲ್ಲಿ 26 ಪ್ರತಿಶತ. ಮಗುವಿನ ತಲೆಯೊಳಗೆ ಏನನ್ನೂ ತುಂಬದೆ, ಹೊರಗಿನ ದನಿಯನ್ನು ಬದಲಿಸಿದ್ದರ ಫಲ ಇದು.

ನಿದ್ರೆಯೂ ಇಲ್ಲೇ ಬರುತ್ತದೆ. 13ರಿಂದ 18 ವರ್ಷದವರಿಗೆ ದಿನಕ್ಕೆ 8ರಿಂದ 10 ಗಂಟೆ, 6ರಿಂದ 12 ವರ್ಷದವರಿಗೆ 9ರಿಂದ 12 ಗಂಟೆ ನಿದ್ರೆ ಬೇಕೆಂದು ನಿದ್ರಾತಜ್ಞರ ಶಿಫಾರಸು. ನಸುಕಿನ ಅಭ್ಯಾಸ, ಶಾಲೆ, ಸಂಜೆಯ ಅಭ್ಯಾಸ, ರಾತ್ರಿ ಓದು ಎಂದು ಆರು ಗಂಟೆ ಮಲಗುವ ಮಗುವಿಗೆ ಗಮನದ ತರಬೇತಿ ಕೊಡಿಸುವುದು ಸೋರುವ ಕೊಡಕ್ಕೆ ನೀರು ಹೊಯ್ದಂತೆ. ನಸುಕಿನ ಒಂದು ಅಭ್ಯಾಸವನ್ನು ಕೈಬಿಟ್ಟು ನಿದ್ರೆ ಹೆಚ್ಚಿಸಿದ ಮಕ್ಕಳು ನನ್ನ ಕಣ್ಣೆದುರೇ ಚುರುಕಾಗಿದ್ದಾರೆ.

ಈ ಆಯ್ಕೆಯ ಕಷ್ಟವೆಂದರೆ ಬದಲಾಗಬೇಕಾದವರು ನಾವು. ಹಾನಿ ಮಾತ್ರ ಏನೂ ಇಲ್ಲ. ಬೇರೆ ಯಾವುದನ್ನು ಆರಿಸಿದರೂ ಇದು ಅದರ ಅಡಿಪಾಯವಾಗಿ ಇರಬೇಕೆಂದು ನನ್ನ ಗಟ್ಟಿ ಅಭಿಪ್ರಾಯ.

ಪೂರ್ವಕ್ರಮ ಮತ್ತು ಸೂಚನಾ ಪದ

ಸರ್ವ್‌ಗೆ ಮೊದಲು ಒಂದೇ ಬಗೆಯಲ್ಲಿ ಎರಡು ಹೆಜ್ಜೆ, ಒಂದು ಉಸಿರು, ಒಂದು ನೋಟ, ಒಂದು ಪದ. ಈ ಪುಟ್ಟ ಕ್ರಮವನ್ನೇ ಪೂರ್ವಕ್ರಮ ಎನ್ನುತ್ತೇನೆ. ತಾನೇ ಶುರುಮಾಡುವ ಕೆಲಸಗಳಿರುವ ಆಟದಲ್ಲಿ, ಹತ್ತು ವರ್ಷ ದಾಟಿದ ಮಗುವಿಗೆ, ನಾನು ಮೊದಲು ಕೊಡುವ ಉಪಕರಣ ಇದು. ಒಂದು ವಾರದಲ್ಲಿ ಕಲಿಯಬಹುದು, ಅಭ್ಯಾಸದೊಳಗೇ ಸೇರಿಸಬಹುದು, ಕಣದಲ್ಲೇ ಬಳಸುವುದರಿಂದ ಕಣಕ್ಕೆ ಇಳಿಯುತ್ತದೆಯೇ ಎಂಬ ಪ್ರಶ್ನೆಯೇ ಇಲ್ಲ. ತನ್ನೊಡನೆ ತಾನು ಆಡುವ ಮಾತಿನ ಬಗ್ಗೆ ನಡೆದ 30ಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟಿಗೆ ತೂಗಿದ 2011ರ ವಿಶ್ಲೇಷಣೆಯೊಂದು ಮಧ್ಯಮ ಪ್ರಮಾಣದ ಲಾಭವನ್ನು ಕಂಡಿತು. ನಾಜೂಕಿನ ಕೌಶಲಗಳಲ್ಲಿ, ಹೊಸದಾಗಿ ಕಲಿಯುವ ಕೆಲಸಗಳಲ್ಲಿ ಲಾಭ ಹೆಚ್ಚು.

ಎಲ್ಲವೂ ಪದದ ಆಯ್ಕೆಯಲ್ಲಿದೆ. "ನೆಟ್‌ಗೆ ಹೊಡೆಯಬೇಡ" ಎಂಬುದು ಅತ್ಯಂತ ಕೆಟ್ಟ ಸೂಚನೆ. ಬಿಳಿ ಕರಡಿಯನ್ನು ನೆನೆಯಬೇಡಿ ಎಂದು ಹೇಳಿಸಿಕೊಂಡವರಿಗೆ ಅದೇ ಮತ್ತೆಮತ್ತೆ ಕಾಡುತ್ತದೆಂದು ಡೇನಿಯಲ್ ವೆಗ್ನರ್ 1987ರಲ್ಲೇ ತೋರಿಸಿದ್ದರು. ಇನ್ನೊಂದು ಸೂಕ್ಷ್ಮವನ್ನು ಸಂಶೋಧಕಿ ಗೇಬ್ರಿಯೆಲೆ ವುಲ್ಫ್ ಮತ್ತು ಸಂಗಡಿಗರು 1998ರಿಂದ ತೋರಿಸುತ್ತ ಬಂದರು: ಹಿಮದ ಮೇಲೆ ಜಾರುವ ಸ್ಕೀ ಆಟವನ್ನು ಅನುಕರಿಸುವ ಯಂತ್ರದ ಮೇಲೆ ನಿಂತವರಿಗೆ ತಮ್ಮ ಪಾದವನ್ನು ಗಮನಿಸಿ ಎಂದಾಗ ಬಂದ ಫಲಕ್ಕಿಂತ, ಪಾದದ ಕೆಳಗಿನ ಚಕ್ರಗಳನ್ನು ಗಮನಿಸಿ ಎಂದಾಗ ಬಂದ ಫಲ ಉತ್ತಮವಾಗಿತ್ತು. ಅಂತರ ಒಂದೆರಡು ಅಂಗುಲದ್ದು, ಆದರೂ ದೇಹದ ಮೇಲಿನ ಗಮನ ದೇಹವನ್ನು ಬಿಗಿಗೊಳಿಸುತ್ತದೆ. ಆದ್ದರಿಂದ "ಮಣಿಕಟ್ಟು" ಎಂಬ ಪದಕ್ಕಿಂತ "ಮೂಲೆ" ಎಂಬ ಪದ ಒಳ್ಳೆಯದು, "ಮೊಣಕೈ" ಎಂಬುದಕ್ಕಿಂತ "ಗೆರೆ" ಒಳ್ಳೆಯದು. ಪದವನ್ನು ಮಗುವೇ ಹುಡುಕಲಿ. ನನ್ನ ಬಳಿಯ ಒಬ್ಬ ಹುಡುಗ "ಹಕ್ಕಿ" ಎಂಬ ಪದ ಆರಿಸಿಕೊಂಡ. ಷಟಲ್ ಅವನಿಗೆ ಹಕ್ಕಿಯಂತೆ ಕಾಣುತ್ತಿತ್ತು. ನಾನು ಕೊಟ್ಟಿದ್ದ ಯಾವ ಪದಕ್ಕೂ ಆ ಬಲ ಇರಲಿಲ್ಲ.

ತೊಂದರೆ ಎರಡು. ಕ್ರಮ ಉದ್ದವಾದರೆ ನಿಯಮ ಅಡ್ಡ ಬರುತ್ತದೆ: ಟೆನಿಸ್‌ನಲ್ಲಿ ಅಂಕಗಳ ನಡುವೆ 25 ಸೆಕೆಂಡ್, ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ನಿಯಮದಲ್ಲಿ ಫ್ರೀ ಥ್ರೋಗೆ ಕೇವಲ 5 ಸೆಕೆಂಡ್. ಇನ್ನೊಂದು, ಕ್ರಮ ಮೂಢನಂಬಿಕೆಯಾಗಿ ಬೆಳೆಯಬಹುದು. ಬಲಗಾಲ ಕಾಲುಚೀಲ ಮೊದಲು ಹಾಕದಿದ್ದರೆ ಸೋಲುತ್ತೇನೆ ಎಂಬ ಹಂತಕ್ಕೆ ಮಗು ಬಂದರೆ, ಅದು ಗಮನವನ್ನು ಕಟ್ಟುವುದರ ಬದಲು ಭಯವನ್ನು ಕಟ್ಟುತ್ತಿದೆ. ಪರೀಕ್ಷಿಸುವ ಬಗೆ ಸುಲಭ: ಅಭ್ಯಾಸದಲ್ಲಿ ನಡುವೆಯೇ ಕ್ರಮವನ್ನು ಮುರಿದು ನೋಡಿ. ನಕ್ಕು ಮತ್ತೆ ಶುರುಮಾಡಿದರೆ ಸರಿ, ಗಾಬರಿಯಾದರೆ ಕ್ರಮವನ್ನು ಸಡಿಲಿಸಿ.

ನೋಟದ ತರಬೇತಿ

ಪೂರ್ವಕ್ರಮದ ಹತ್ತಿರದ ಬಂಧು ಇದು. ಕೆನಡಾದ ಸಂಶೋಧಕಿ ಜೋನ್ ವಿಕರ್ಸ್ 1990ರ ದಶಕದಲ್ಲಿ ಬ್ಯಾಸ್ಕೆಟ್‌ಬಾಲ್ ಆಟಗಾರರ ಕಣ್ಣಿನ ಚಲನೆಯನ್ನು ಅಳೆದಾಗ, ನುರಿತವರು ಚೆಂಡು ಎಸೆಯುವ ಚಲನೆಗೆ ಮೊದಲು ಬುಟ್ಟಿಯ ಒಂದೇ ಜಾಗದ ಮೇಲೆ ಹೆಚ್ಚು ಹೊತ್ತು ಕಣ್ಣು ನಿಲ್ಲಿಸುವುದು ಕಂಡುಬಂತು. ಆ ನಿಶ್ಚಲ ನೋಟವನ್ನು ಕಲಿಸಬಹುದೆಂದೂ ಮುಂದೆ ಗೊತ್ತಾಯಿತು. ಸಲಕರಣೆ ಬೇಕಿಲ್ಲ: ಗುರಿಯಲ್ಲಿ ಒಂದು ಚಿಕ್ಕ ಜಾಗ ಆರಿಸು, ಕಣ್ಣನ್ನು ಅಲ್ಲಿ ಇಳಿಸು, ಚಲನೆ ಶುರುವಾಗುವವರೆಗೂ ಅಲ್ಲೇ ಇರಲಿ. ಒತ್ತಡದಲ್ಲಿ ಕಣ್ಣು ಅತ್ತಿತ್ತ ಹಾರುವ ಮಗುವಿಗೆ ಇದು ಚೆನ್ನಾಗಿ ಒಪ್ಪುತ್ತದೆ, ಏಕೆಂದರೆ ಮನಸ್ಸಿಗಿಂತ ಕಣ್ಣನ್ನು ಹಿಡಿದು ನಿಲ್ಲಿಸುವುದು ಸುಲಭ. ಎಲ್ಲ ಕಡೆ ನೋಡುತ್ತಿರಬೇಕಾದ ತಂಡದ ಆಟಗಳಲ್ಲಿ ಪೆನಾಲ್ಟಿ, ಫ್ರೀ ಕಿಕ್‌ನಂಥ ಕ್ಷಣಗಳನ್ನು ಬಿಟ್ಟರೆ ಇದರ ಬಳಕೆ ಕಡಿಮೆ.

ಉಸಿರು ಮತ್ತು ಸಡಿಲಿಕೆ

ಪಂದ್ಯಕ್ಕೆ ಮೊದಲು ದೇಹವೇ ಬಿಗಿಯಾಗುವ ಮಕ್ಕಳಿಗೆ ಇದು ನೇರ ಮದ್ದು. ನಿಮಿಷಕ್ಕೆ ಸುಮಾರು ಆರು ಉಸಿರಿನ ನಿಧಾನದ ಉಸಿರಾಟ ಹೃದಯದ ಲಯವನ್ನು ಶಾಂತಗೊಳಿಸುತ್ತದೆ. ಸ್ನಾಯುಗಳನ್ನು ಒಂದೊಂದಾಗಿ ಬಿಗಿದು ಸಡಿಲಿಸುವ ವಿಧಾನವನ್ನು ಎಡ್ಮಂಡ್ ಜೇಕಬ್‌ಸನ್ ನೂರು ವರ್ಷದ ಹಿಂದೆಯೇ ರೂಪಿಸತೊಡಗಿದ್ದರು. ಹಣ ಬೇಡ, ಎಂಟು ವರ್ಷದ ಮಗುವೂ ಕಲಿಯುತ್ತದೆ.

ಆದರೆ ಹೆಚ್ಚಿನ ಹೆತ್ತವರು ಇಲ್ಲಿ ತಪ್ಪುವುದು ಎರಡು ಕಡೆ. ಮೊದಲನೆಯದು, ಫೈನಲ್ ದಿನ ಬೆಳಿಗ್ಗೆ ಮೊದಲ ಬಾರಿ "ಆಳವಾಗಿ ಉಸಿರಾಡು" ಎನ್ನುವುದು. ಯುದ್ಧಕಾಲೇ ಶಸ್ತ್ರಾಭ್ಯಾಸ! ವಾರಗಟ್ಟಲೆ ರೂಢಿಯಾಗದ ಉಸಿರು ಅಂದು ಹೊಸದೊಂದು ಚಿಂತೆಯಾಗುತ್ತದೆ. ಎರಡನೆಯದು, ಎಲ್ಲ ಮಕ್ಕಳನ್ನೂ ಶಾಂತಗೊಳಿಸಲು ಹೊರಡುವುದು. ನಿಧಾನಕ್ಕೆ ಕಾವೇರುವ, ಮೊದಲ ಗೇಮ್ ಮುಗಿಯುವವರೆಗೂ ಮಂಕಾಗಿರುವ ಮಗುವಿಗೆ ಸಡಿಲಿಕೆ ಕೆಡುಕು ಮಾಡುತ್ತದೆ. ಅದಕ್ಕೆ ಬೇಕಾದದ್ದು ಜೋರು ವಾರ್ಮ್ ಅಪ್. ಎದೆಬಡಿತ ಹೆಚ್ಚಿದ್ದೂ ಚೆನ್ನಾಗಿ ಆಡುವ ಮಕ್ಕಳಿಗೆ "ಹೆದರಬೇಡ" ಎನ್ನುವ ಬದಲು "ದೇಹ ಸಿದ್ಧವಾಗುತ್ತಿದೆ" ಎಂದು ಹೇಳಿಕೊಟ್ಟರೆ ಸಾಕು.

ಮನಸ್ಸಿನಲ್ಲೇ ಆಡಿ ನೋಡುವುದು

2008ರ ಬೀಜಿಂಗ್ ಒಲಿಂಪಿಕ್ಸ್‌ನ 200 ಮೀಟರ್ ಬಟರ್‌ಫ್ಲೈ ಫೈನಲ್‌ನಲ್ಲಿ ಮೈಕೆಲ್ ಫೆಲ್ಪ್ಸ್ ಅವರ ಕನ್ನಡಕದೊಳಗೆ ನೀರು ತುಂಬಿ ಕಣ್ಣು ಕಾಣದಾಯಿತು. ಅವರು ಕೈಬೀಸುಗಳನ್ನು ಎಣಿಸುತ್ತ ಈಜಿ, 1 ನಿಮಿಷ 52.03 ಸೆಕೆಂಡ್‌ಗಳ ವಿಶ್ವದಾಖಲೆಯೊಡನೆ ಗೆದ್ದರು. ಎಲ್ಲವೂ ಕೆಟ್ಟುಹೋಗುವ ಸ್ಪರ್ಧೆಯನ್ನೂ ಮನಸ್ಸಿನಲ್ಲಿ ಈಜಿ ನೋಡುವ ರೂಢಿಯನ್ನು ಕೋಚ್ ಬಾಬ್ ಬೋಮನ್ ಅವರಲ್ಲಿ ಬೆಳೆಸಿದ್ದರು. ಗೆಲ್ಲುವ ದೃಶ್ಯವನ್ನೇ ಕಲ್ಪಿಸಿಕೊಳ್ಳಲು ಮಕ್ಕಳಿಗೆ ಹೇಳುವವರು ಇದನ್ನು ನೆನಪಿಡಬೇಕು. ಪದಕ ಕೊರಳಿಗೆ ಬೀಳುವ ಚಿತ್ರಕ್ಕಿಂತ, ಮೂರು ಅಂಕ ಹಿಂದೆ ಬಿದ್ದಾಗ ತಾನು ಏನು ಮಾಡುತ್ತೇನೆ ಎಂಬ ಚಿತ್ರ ಎಷ್ಟೋ ಪಾಲು ಉಪಯೋಗಿ.

ಸಂಶೋಧಕರಾದ ಹೋಮ್ಸ್ ಮತ್ತು ಕಾಲಿನ್ಸ್ 2001ರಲ್ಲಿ ಮುಂದಿಟ್ಟ ವಿಧಾನದ ಸಾರ ಇಷ್ಟು: ಮಲಗಿಕೊಂಡು ಕಣ್ಣು ಮುಚ್ಚುವುದಕ್ಕಿಂತ ಆಟದ ಬಟ್ಟೆ ತೊಟ್ಟು, ರ‍್ಯಾಕೆಟ್ ಹಿಡಿದು, ನಿಜವಾದ ವೇಗದಲ್ಲಿ ಮನಸ್ಸಿನಲ್ಲಿ ಆಡುವುದು. ಹತ್ತು ನಿಮಿಷ ಸಾಕು. ಗಾಯವಾಗಿ ತಿಂಗಳುಗಟ್ಟಲೆ ಹೊರಗೆ ಕೂತ ಮಗುವಿಗೆ ಇದಕ್ಕಿಂತ ಒಳ್ಳೆಯ ಆಯ್ಕೆ ನನಗೆ ಗೊತ್ತಿಲ್ಲ. ಕೌಶಲವೇ ಕೈಗೆ ಹತ್ತಿಲ್ಲದ ಮಗುವಿಗೆ ಮಾತ್ರ ಬೇಡ, ತಪ್ಪು ಹೊಡೆತವೇ ಮನಸ್ಸಿನಲ್ಲಿ ಅಚ್ಚೊತ್ತೀತು. ಕೆಲವರಿಗೆ ಚಿತ್ರವೇ ಮೂಡುವುದಿಲ್ಲ. ಅದು ಕುಂದಲ್ಲ. ಅವರಿಗೆ ಹೊಡೆತದ ಸದ್ದು, ಪಾದದ ಲಯ ನೆನೆಯಲು ಹೇಳಿ. ಅದೂ ಒಗ್ಗದಿದ್ದರೆ ಬೇರೆ ಉಪಕರಣಕ್ಕೆ ಹೋಗಿ.

ಮೈಂಡ್‌ಫುಲ್‌ನೆಸ್

ಹೆತ್ತವರಿಗೆ ಹೆಚ್ಚು ಆಸೆ, ಹೆಚ್ಚು ತಪ್ಪು ತಿಳಿವಳಿಕೆ ಇರುವುದು ಈ ಬಗೆಯ ಧ್ಯಾನದ ಬಗ್ಗೆಯೇ. ಮನಸ್ಸನ್ನು ಖಾಲಿಮಾಡುವುದು ಇದರ ಗುರಿಯೆಂದು ಭಾವಿಸುತ್ತಾರೆ. ಜಾನ್ ಕಬಟ್-ಜಿನ್ 1979ರಲ್ಲಿ ಅಮೆರಿಕದ ಆಸ್ಪತ್ರೆಯೊಂದರಲ್ಲಿ ಇದನ್ನು ಕಾರ್ಯಕ್ರಮವಾಗಿ ರೂಪಿಸಿದಾಗಲೂ, ಗಾರ್ಡ್ನರ್ ಮತ್ತು ಮೂರ್ 2000ದ ದಶಕದಲ್ಲಿ ಅದನ್ನು ಕ್ರೀಡೆಗೆ ಒಗ್ಗಿಸಿದಾಗಲೂ ಕೇಳಿದ್ದು ಬೇರೆಯದು: ಮನಸ್ಸು ಅಲೆದದ್ದನ್ನು ಗುರುತಿಸು, ಬೈದುಕೊಳ್ಳದೆ ಮರಳಿ ಬಾ. ಅಲೆದಾಟವೇ ಅಭ್ಯಾಸದ ಸಾಮಗ್ರಿ. ಹತ್ತು ನಿಮಿಷದಲ್ಲಿ ನಲವತ್ತು ಸಲ ಅಲೆದು ನಲವತ್ತು ಸಲ ಮರಳಿದ ಮಗು ಚೆನ್ನಾಗಿ ಅಭ್ಯಾಸ ಮಾಡಿದೆ.

ಆದ್ದರಿಂದ, ತಪ್ಪೊಂದನ್ನು ಐದು ಅಂಕಗಳವರೆಗೆ ಮೆಲುಕು ಹಾಕುವ ಮಗುವಿಗೆ ಇದು ಚೆನ್ನಾಗಿ ಒಪ್ಪುತ್ತದೆ. ದೂರದ ಓಟಗಾರರಿಗೂ ಒಪ್ಪುತ್ತದೆ, ಏಕೆಂದರೆ ದಣಿವನ್ನು ದೂಡದೆ ಗಮನಿಸುತ್ತ ಓಡುವುದು ಅವರ ದಿನನಿತ್ಯದ ಕೆಲಸ.

ಬೆಲೆ ಕೊಡಬೇಕಾದದ್ದು ಸಮಯದಲ್ಲಿ. ಎರಡು ತಿಂಗಳಿಗೆ ಮೊದಲು ಏನನ್ನೂ ನಿರೀಕ್ಷಿಸಬೇಡಿ. ಮುಂದಿನ ವಾರದ ಟೂರ್ನಿಗೆ ಇದು ಉತ್ತರವಲ್ಲ. ಬಲವಂತವೂ ನಡೆಯದು. ಬ್ರಿಟನ್‌ನ 80ಕ್ಕೂ ಹೆಚ್ಚು ಶಾಲೆಗಳಲ್ಲಿ 8,000ಕ್ಕೂ ಹೆಚ್ಚು ಮಕ್ಕಳ ಮೇಲೆ ನಡೆದು 2022ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ, ತರಗತಿಗೆಲ್ಲ ಒಟ್ಟಾಗಿ ಕಲಿಸಿದ ಮೈಂಡ್‌ಫುಲ್‌ನೆಸ್ ಮಾಮೂಲಿ ಪಾಠಕ್ಕಿಂತ ಹೆಚ್ಚಿನ ಲಾಭ ಕೊಡಲಿಲ್ಲ, ಹೆಚ್ಚಿನ ಮಕ್ಕಳು ಮನೆಯಲ್ಲಿ ಅಭ್ಯಾಸವನ್ನೇ ಮಾಡಿರಲಿಲ್ಲ. ಇದರಿಂದ ನಾನು ಕಲಿತದ್ದು, ಇಡೀ ತಂಡವನ್ನು ಕೂರಿಸದೆ ಬೇಕೆಂದವರಿಗೆ ಮಾತ್ರ ಕಲಿಸಬೇಕು ಎಂಬುದು. ಹನ್ನೆರಡರ ಒಳಗಿನವರಿಗೆ ಕೂತು ಮಾಡುವ ಅಭ್ಯಾಸಕ್ಕಿಂತ ನಡೆಯುತ್ತ ಪಾದ ಗಮನಿಸುವುದು, ಮೈದಾನದ ಸದ್ದುಗಳನ್ನು ಎರಡು ನಿಮಿಷ ಎಣಿಸುವುದು ಮೇಲು. ನೋವಿನ ಅನುಭವ ಹೊತ್ತಿರುವ ಮಗುವಿಗೆ ಕಣ್ಣು ಮುಚ್ಚಿ ಕೂರುವುದೇ ದಿಗಿಲು ಹುಟ್ಟಿಸಬಹುದು. ಹಾಗೆ ಕಂಡರೆ ತಕ್ಷಣ ನಿಲ್ಲಿಸಿ.

ಆಪ್‌ಗಳು ಮತ್ತು ಸಲಕರಣೆಗಳು

ಪರದೆಯ ಮೇಲೆ ಓಡುವ ಚೆಂಡುಗಳನ್ನು ಹಿಂಬಾಲಿಸುವ ಆಟ ಆಡಿದವರು ಆ ಆಟದಲ್ಲಿ ಪಳಗುತ್ತಾರೆ. ಅದು ಕಣಕ್ಕೆ ಇಳಿಯುತ್ತದೆಂಬ ಪುರಾವೆ ತೆಳುವಾಗಿದೆ. 2016ರಲ್ಲಿ ಮಿದುಳಿನ ಆಟಗಳ ಬಗ್ಗೆ ಪ್ರಕಟವಾದ ವಿಸ್ತಾರವಾದ ಪರಿಶೀಲನೆಯೂ, ದಿನನಿತ್ಯದ ಕೆಲಸಗಳಿಗೆ ಲಾಭ ಹರಿಯುತ್ತದೆಂಬುದಕ್ಕೆ ಸಾಕಷ್ಟು ಆಧಾರ ಕಾಣಲಿಲ್ಲ. ಅದೇ ವರ್ಷ, ಆಧಾರವಿಲ್ಲದ ಜಾಹೀರಾತುಗಳಿಗಾಗಿ ಲುಮೋಸಿಟಿ ಎಂಬ ಆಪ್‌ನ ಕಂಪನಿ ಅಮೆರಿಕದ ವ್ಯಾಪಾರ ಆಯೋಗದೊಡನೆ 20 ಲಕ್ಷ ಡಾಲರ್‌ಗೆ ಇತ್ಯರ್ಥ ಮಾಡಿಕೊಂಡಿತು. ತಲೆಗೆ ಸೆನ್ಸರ್ ಅಂಟಿಸಿ ಮಿದುಳಿನ ಅಲೆಗಳನ್ನು ಅವರಿಗೇ ತೋರಿಸುತ್ತ ತರಬೇತಿ ಕೊಡುವ ನ್ಯೂರೋಫೀಡ್‌ಬ್ಯಾಕ್ ದುಬಾರಿ, ನುರಿತವರಿಲ್ಲದೆ ನಡೆಯದು. ನಿದ್ರೆ, ಕೋಚ್, ಪೂರ್ವಕ್ರಮ ಎಲ್ಲವೂ ನೆಟ್ಟಗಾದ ಮೇಲೂ ಹಣ ಉಳಿದಿದ್ದರೆ, ಹದಿನಾರು ದಾಟಿದ ಉನ್ನತ ಮಟ್ಟದ ಶೂಟರ್ ಅಥವಾ ಬಿಲ್ಲುಗಾರನಿಗೆ ಯೋಚಿಸಬಹುದು. ಉಳಿದವರಿಗೆ ಬೇಡವೆಂದೇ ಹೇಳುತ್ತೇನೆ. ಉಸಿರಾಟಕ್ಕೆ ಲಯ ತೋರಿಸುವ ಸರಳ ಆಪ್ ಇದ್ದರೆ ಅಡ್ಡಿಯಿಲ್ಲ.

ಕ್ರೀಡಾ ಮನಶ್ಶಾಸ್ತ್ರಜ್ಞರು

ಒಳ್ಳೆಯ ಮನಶ್ಶಾಸ್ತ್ರಜ್ಞರು ಈ ಮೇಲಿನ ಯಾವ ಉಪಕರಣ ಈ ಮಗುವಿಗೆ ಎಂದು ಆರಿಸಿಕೊಡುತ್ತಾರೆ. ನೀವು ಕೊಡುವ ಹಣ ಮುಖ್ಯವಾಗಿ ಆ ಆಯ್ಕೆಗೆ. ಎರಡು ವಾರ ಬರೆದಿಟ್ಟ ಪುಸ್ತಕದೊಡನೆ ಹೋದರೆ ಮೊದಲ ಒಂದೆರಡು ಭೇಟಿಗಳ ಖರ್ಚು ಉಳಿಯುತ್ತದೆ. ಇಡೀ ತಂಡಕ್ಕೆ ಒಟ್ಟಾಗಿ ಕೆಲವು ತರಗತಿ ಕೊಡಿಸಿ, ಬೇಕಾದವರು ಮಾತ್ರ ಪ್ರತ್ಯೇಕವಾಗಿ ಭೇಟಿಯಾಗುವುದು ಖರ್ಚನ್ನು ಹಂಚಿಕೊಳ್ಳುವ ದಾರಿ. ಅವರ ಓದು, ನೋಂದಣಿ ಕೇಳಿ ತಿಳಿಯಿರಿ. ಅಭ್ಯಾಸ ನೋಡಲು ಮೈದಾನಕ್ಕೆ ಬರುತ್ತೀರಾ ಎಂದು ಕೇಳಿ. ಮಗು ಹೇಳಿದ್ದನ್ನೆಲ್ಲ ನಿಮಗೆ ತಿಳಿಸುತ್ತೇನೆ ಎಂದು ಮಾತು ಕೊಡುವವರನ್ನು ಬಿಟ್ಟುಬಿಡಿ; ಸುರಕ್ಷತೆಯ ವಿಷಯ ಬಿಟ್ಟು ಉಳಿದುದು ಮಗುವಿನ ಗುಟ್ಟಾಗಿ ಉಳಿಯಬೇಕು.

ಒಂದು ಗೆರೆಯನ್ನು ಇಲ್ಲಿ ದಪ್ಪವಾಗಿ ಎಳೆಯಬೇಕು. ಗಮನ ಆಟದಲ್ಲಷ್ಟೇ ಅಲ್ಲದೆ ಮನೆ, ಶಾಲೆಗಳಲ್ಲೂ ಚಿಕ್ಕಂದಿನಿಂದ ನಿಲ್ಲದಿದ್ದರೆ ಮೊದಲು ಮಕ್ಕಳ ವೈದ್ಯರನ್ನು ಕಾಣಿ; ಎಡಿಎಚ್‌ಡಿಯಂಥ (ಗಮನದ ಕೊರತೆ, ಅತಿ ಚಟುವಟಿಕೆಯ) ಸ್ಥಿತಿಗೆ ಸರಿಯಾದ ಆರೈಕೆ ಇದೆ. ನಿದ್ರೆ, ಊಟ ಕೆಟ್ಟಿದ್ದರೆ, ಗೆಳೆಯರಿಂದ ದೂರವಾಗಿದ್ದರೆ, ತಾನು ಇರಬಾರದಿತ್ತು ಎಂಬಂಥ ಮಾತು ಬಂದರೆ, ಟೂರ್ನಿಯನ್ನು ಬದಿಗಿಟ್ಟು ಅದೇ ದಿನ ಮಾನಸಿಕ ಆರೋಗ್ಯ ತಜ್ಞರ ನೆರವು ಪಡೆಯಿರಿ. ಪೂರ್ವಕ್ರಮ, ಉಸಿರು ಯಾವುದೂ ಅದಕ್ಕೆ ಬದಲಿಯಲ್ಲ.

ಹಾಗಾದರೆ ನಿಮಗೆ ಯಾವುದು?

ಹನ್ನೆರಡರ ಒಳಗಿನ ಮಗುವಾದರೆ ಸುತ್ತಲಿನವರ ಬದಲಾವಣೆ, ನಿದ್ರೆ, ಒಂದು ಪದ. ಅಷ್ಟೇ. ಇನ್ನೂ ಹೆಚ್ಚಿನದು ಆಟದ ಸಂತೋಷವನ್ನು ತಿಂದುಹಾಕುತ್ತದೆ.

ಹದಿಹರೆಯದ ಮಗು ಪಂದ್ಯಕ್ಕೆ ಮೊದಲೇ ಕುಗ್ಗುತ್ತದೆಯಾದರೆ ಉಸಿರಿನಿಂದ ಶುರುಮಾಡಿ, ಜೊತೆಗೆ ಕಷ್ಟದ ಸನ್ನಿವೇಶಗಳನ್ನು ಮನಸ್ಸಿನಲ್ಲಿ ಆಡಿಸಿ. ತಪ್ಪಿನ ನಂತರ ಕುಸಿಯುತ್ತದೆಯಾದರೆ ಇಂದಿನಿಂದಲೇ ಪೂರ್ವಕ್ರಮ, ಮುಂದಿನ ಋತುವಿಗಾಗಿ ಮೈಂಡ್‌ಫುಲ್‌ನೆಸ್. ಕೊನೆಯ ಅಂಕಗಳಲ್ಲಿ ಕೈ ಬಿಗಿಯುತ್ತದೆಯಾದರೆ ನೋಟದ ತರಬೇತಿ, ಹೊರಗಿನತ್ತ ಒಯ್ಯುವ ಪದ, ಮತ್ತು ಅಭ್ಯಾಸದಲ್ಲೇ ಒತ್ತಡ: ಅಂಕ 18-19 ಇದ್ದಂತೆ ಗೇಮ್ ಶುರುಮಾಡಿಸಿ, ಉಳಿದ ಮಕ್ಕಳು ಸುತ್ತ ನಿಂತು ಕೂಗಲಿ. ಇದಕ್ಕೆ ಪೈಸೆ ಖರ್ಚಿಲ್ಲ, ಮಕ್ಕಳಿಗೆ ಭಾರಿ ಇಷ್ಟವೂ ಆಗುತ್ತದೆ. ತಿಂಗಳಾದರೂ ಗಮನ ಎಲ್ಲಿಗೆ ಹೋಗುತ್ತಿದೆ ಎಂದು ನಿಮಗೂ ಮಗುವಿಗೂ ತಿಳಿಯದೇ ಹೋದರೆ ಮನಶ್ಶಾಸ್ತ್ರಜ್ಞರಿಗೆ ಕೊಡುವ ಹಣ ಸಾರ್ಥಕ.

ಯಾವುದನ್ನು ಆರಿಸಿದರೂ ಒಂದು ಸಲಕ್ಕೆ ಒಂದೇ, ಆರು ವಾರ. ಪದಕದಿಂದ ಅಳೆಯಬೇಡಿ, ಎದುರಾಳಿ ಬಲಶಾಲಿಯಾಗಿದ್ದರೆ ಪದಕ ಸಿಗುವುದಿಲ್ಲ. ಅದೇ ಪುಟ್ಟ ಪುಸ್ತಕ ತೆಗೆದು, ತಪ್ಪಾದ ಮೇಲೆ ಕಣ್ಣು ಎಲ್ಲಿಗೆ ಹೋಯಿತು, ಎಷ್ಟು ಅಂಕಗಳ ಬಳಿಕ ಮಗು ಆಟಕ್ಕೆ ಮರಳಿತು ಎಂದು ಮತ್ತೆ ಬರೆಯಿರಿ. ಐದು ಅಂಕ ಮೂರಕ್ಕೆ ಇಳಿದಿದ್ದರೆ ಮುಂದುವರಿಸಿ. ಇಳಿಯದಿದ್ದರೆ, ಮಗುವನ್ನು ದೂರದೆ ಉಪಕರಣವನ್ನು ಬದಲಿಸಿ.